ಜಗ್ಗುವ ದಾರ, ಜಾರುವ ಎಲೆ

ನಿಪ್ಪಾಣಿಯ ಸಂತೆಯಲ್ಲಿ, ಅಥಣಿಯ ಜಾತ್ರೆಯ ಅಂಗಡಿಸಾಲಿನಲ್ಲಿ, ಚಿಕ್ಕೋಡಿಯ ಕೈಗಾಡಿಗಳ ಮೇಲೆ ಈಗ ಚಾಪರ್ ಎಂಬ ಒಂದು ಪ್ಲಾಸ್ಟಿಕ್ ಬಟ್ಟಲು ತಪ್ಪದೆ ಕಾಣುತ್ತದೆ. ಮುಚ್ಚಳದ ಮೇಲೊಂದು ಹಿಡಿಕೆ, ಹಿಡಿಕೆಗೆ ಕಟ್ಟಿದ ದಾರ, ಒಳಗೆ ಮೂರು ಅಲಗು. ಮಾರುವವನು ಸುಲಿದ ಉಳ್ಳಾಗಡ್ಡಿಯನ್ನು ನಾಲ್ಕು ಹೋಳು ಮಾಡಿ ಹಾಕುತ್ತಾನೆ. "ಒಂದ್ ಸಲ ಜಗ್ಗಿ ನೋಡ್ರಿ ಅಕ್ಕಾರ, ಕರೆಂಟ್ ಬ್ಯಾಡ, ಕಣ್ಣಾಗ ನೀರ್ ಬರೂದಿಲ್ಲ" ಅನ್ನುತ್ತಾನೆ. ನಾಲ್ಕು ಸಲ ಜಗ್ಗಿದರೆ ಉಳ್ಳಾಗಡ್ಡಿ ಅಕ್ಕಿಕಾಳಿನಷ್ಟು ಸಣ್ಣಗಾಗಿರುತ್ತದೆ. ಆಮೇಲೆ ಹಸಿಮೆಣಸಿನಕಾಯಿ, ಶೇಂಗಾ, ಗಜ್ಜರಿ. ಕೋತಂಬರಿ ಮಾತ್ರ ಹಾಕಿ ತೋರಿಸುವುದಿಲ್ಲ. ಡಬ್ಬಿಯ ಮೇಲಿನ ಚಿತ್ರದಲ್ಲಿ ಹಸಿರು ಸೊಪ್ಪು ಇದ್ದೇ ಇರುತ್ತದೆ, ಗಾಡಿಯ ಮೇಲೆ ಇರುವುದಿಲ್ಲ.

ಮನೆಗೆ ತಂದವರಿಗೆ ಕಾರಣ ಮೊದಲ ದಿನವೇ ಗೊತ್ತಾಗುತ್ತದೆ. ತೊಳೆದ ಕೋತಂಬರಿ ಹಾಕಿ ಜಗ್ಗಿದರೆ ಅರ್ಧ ಎಲೆ ಬಟ್ಟಲಿನ ಗೋಡೆಗೆ ಅಂಟುತ್ತದೆ, ದಂಟು ಅಲಗಿಗೆ ಸುತ್ತಿಕೊಳ್ಳುತ್ತದೆ, ತಳದಲ್ಲಿ ಒಂದಿಷ್ಟು ಹಸಿರು ನೀರು ನಿಲ್ಲುತ್ತದೆ. "ಇದ್ರಾಗ ಪಲ್ಯೆ ಹೆಚ್ಚೂದಲ್ಲವಾ, ಪಲ್ಯೆಕ್ಕ ಜಳಕಾ ಮಾಡ್ಸೂದು" ಎಂದು ನಮ್ಮ ಓಣಿಯ ಹಿರಿಯಳೊಬ್ಬಳು ಹೇಳಿದ್ದು ಅತಿಶಯವೇನಲ್ಲ. ಹಾಗೆಂದು ಯಂತ್ರ ಕೆಟ್ಟದ್ದಲ್ಲ. ಗಟ್ಟಿ ವಸ್ತುವನ್ನು ತುಂಡರಿಸುವುದಕ್ಕೂ ಎಲೆಯನ್ನು ಹೆಚ್ಚುವುದಕ್ಕೂ ಇರುವ ವ್ಯತ್ಯಾಸವನ್ನು ಅದು ನಮಗೆ ತೋರಿಸಿಕೊಡುತ್ತಿದೆ, ಅಷ್ಟೆ.

ಮುಚ್ಚಳದ ಒಳಗೆ ಏನಿದೆ ಎಂದು ಮೊದಲು ನೋಡೋಣ. ದಾರ ಒಂದು ಸಣ್ಣ ಉರುಳೆಗೆ ಸುತ್ತಿಕೊಂಡಿರುತ್ತದೆ. ಉರುಳೆಯ ಜೊತೆಗೆ ಸುರುಳಿ ಸುತ್ತಿದ ಚಪ್ಪಟೆ ಉಕ್ಕಿನ ಸ್ಪ್ರಿಂಗ್. ಜಗ್ಗಿದಾಗ ಉರುಳೆ ತಿರುಗಿ ಅಲಗಿನ ಕಂಬವನ್ನು ತಿರುಗಿಸುತ್ತದೆ, ಸ್ಪ್ರಿಂಗ್ ಬಿಗಿಯಾಗುತ್ತದೆ. ಕೈ ಸಡಿಲಿಸಿದರೆ ಸ್ಪ್ರಿಂಗ್ ದಾರವನ್ನು ಒಳಗೆಳೆದುಕೊಳ್ಳುತ್ತದೆ. ಹೊಲದಲ್ಲಿ ಕಳೆ ಸವರುವ ಬ್ರಷ್ ಕಟರ್, ಪೆಟ್ರೋಲಿನ ಸ್ಪ್ರೇ ಪಂಪು ಚಾಲೂ ಮಾಡಲು ಹಗ್ಗ ಜಗ್ಗುತ್ತೇವಲ್ಲ, ಆ ಸ್ಟಾರ್ಟರಿನ ತತ್ವವೂ ಇದೇ. ಅಲ್ಲಿ ಒಂದೆರಡು ಜಗ್ಗಿಗೆ ಎಂಜಿನ್ ಹತ್ತಿಕೊಂಡು ಮುಂದಿನ ಕೆಲಸ ತಾನೇ ನೋಡಿಕೊಳ್ಳುತ್ತದೆ. ಇಲ್ಲಿ ಎಂಜಿನ್ನೂ ನಾವೇ.

ವೇಗದ ಲೆಕ್ಕ ಹಾಕುವುದು ಕಷ್ಟವಲ್ಲ. ದಾರ ಸುಮಾರು 55 ಸೆಂ.ಮೀ., ಉರುಳೆಯ ಅಡ್ಡಳತೆ 3 ಸೆಂ.ಮೀ. ಎಂದುಕೊಳ್ಳಿ. ಒಂದು ಜಗ್ಗಿಗೆ ಐದಾರು ಸುತ್ತು. ಅರ್ಧ ಸೆಕೆಂಡಿನಲ್ಲಿ ಜಗ್ಗಿದರೆ ನಿಮಿಷಕ್ಕೆ 650 ಸುತ್ತಿನ ಆಸುಪಾಸು. ಅಲಗಿನ ತುದಿ ನಡುವಿನಿಂದ 5 ಸೆಂ.ಮೀ. ದೂರದಲ್ಲಿದ್ದರೆ ಅದರ ವೇಗ ಸೆಕೆಂಡಿಗೆ ಮೂರೂವರೆ ಮೀಟರ್, ಅಂದರೆ ಸಾವಕಾಶ ಸೈಕಲ್ ಹೊಡೆಯುವವನ ವೇಗ. ಪಕ್ಕದಲ್ಲಿರುವ ಮಿಕ್ಸರ್ ಬರಿದಾಗಿ ತಿರುಗಿದರೆ ನಿಮಿಷಕ್ಕೆ 18,000 ಸುತ್ತು. ಅದರ ಅಲಗಿನ ತುದಿ ಗಂಟೆಗೆ 150 ಕಿ.ಮೀ. ದಾಟಿ ಓಡುತ್ತದೆ.

ಈ ವ್ಯತ್ಯಾಸವೇ ಎಲೆಯ ಹಣೆಬರಹ ತೀರ್ಮಾನಿಸುವುದು. ಯಾವ ವಸ್ತುವನ್ನು ಕತ್ತರಿಸಬೇಕಾದರೂ ಅಲಗು ಒತ್ತಿದಾಗ ಆ ವಸ್ತು ಹಿಂದೆ ಸರಿಯಬಾರದು. ಮಣೆ ಇದ್ದರೆ ಮಣೆ ತಡೆಯುತ್ತದೆ, ಈಳಿಗಿಯ ಮೇಲಾದರೆ ಕೈ ತಡೆಯುತ್ತದೆ. ಚಾಪರ್‌ನ ಬಟ್ಟಲಲ್ಲಿ ತಡೆಯುವವರು ಯಾರೂ ಇಲ್ಲ, ವಸ್ತುವಿನ ಸ್ವಂತ ತೂಕವೇ ಗತಿ. ಉಳ್ಳಾಗಡ್ಡಿಯ ಹೋಳಿಗೆ ತೂಕವಿದೆ, ಬಿರುಸಿದೆ. ಅಲಗು ಬಡಿದಾಗ ಅದು ಜಾಗ ಬಿಡುವ ಮೊದಲೇ ಸೀಳಿರುತ್ತದೆ. ಕೋತಂಬರಿ ಎಲೆಗೆ ತೂಕವೂ ಇಲ್ಲ, ಬಿರುಸೂ ಇಲ್ಲ. ಅಲಗು ಬಂದರೆ ಬಾಗುತ್ತದೆ, ಅದರ ಜೊತೆಗೇ ತಿರುಗುತ್ತದೆ. ತಿರುಗುವುದನ್ನು ಕಲಿತ ಎಲೆ ಹೊರಕ್ಕೆ ಎಸೆಯಲ್ಪಡುತ್ತದೆ. ಮೇಲಿನ ಅಂಕಿಗಳನ್ನೇ ಹಿಡಿದರೆ, ಅಲಗಿನ ತುದಿಯಲ್ಲಿ ಸುತ್ತುವ ಎಲೆಯನ್ನು ಗೋಡೆಗೆ ಒತ್ತುವ ಬಲ ಅದರ ತೂಕದ 25 ಪಟ್ಟು. ಮೈಮೇಲೆ ನೀರಿನ ಪದರವಿದ್ದರೆ ಅಲ್ಲೇ ಅಂಟಿ ಕೂತುಬಿಡುತ್ತದೆ. ತಡೆ ಇಲ್ಲದೆ ನಿಂತ ಹುಲ್ಲನ್ನು ಯಂತ್ರದಿಂದ ಸವರಬೇಕಾದರೆ ಅಲಗು ಸೆಕೆಂಡಿಗೆ ಹತ್ತಾರು ಮೀಟರ್ ವೇಗದಲ್ಲಿ ಬಡಿಯಬೇಕು. ಬ್ರಷ್ ಕಟರ್ ಅಷ್ಟು ಕಿರುಚುವುದು ಅದಕ್ಕೇ.

ಹಾಗಾದರೆ ಮಿಕ್ಸರ್‌ಗೇ ಹಾಕಿದರಾಯಿತಲ್ಲ? ವೇಗವೇನೋ ಸಿಗುತ್ತದೆ, ಆದರೆ ಎಲ್ಲಿ ನಿಲ್ಲಬೇಕೆಂಬುದು ಅದಕ್ಕೆ ಗೊತ್ತಿಲ್ಲ. ಎಲ್ಲಿ ನಿಲ್ಲಬೇಕು ಎಂಬ ಪ್ರಶ್ನೆಯನ್ನು ನಮ್ಮ ಸೀಮೆಯಲ್ಲಿ ಬಹಳ ದೊಡ್ಡ ಪ್ರಮಾಣದಲ್ಲಿ ಕೇಳಿಕೊಳ್ಳುವ ಜಾಗವೊಂದಿದೆ, ಸಕ್ಕರೆ ಕಾರ್ಖಾನೆ.

ಕಾಗವಾಡ ತಾಲ್ಲೂಕಿನ ಉಗಾರ ಖುರ್ದದಲ್ಲಿ 1939ರಲ್ಲಿ ಹುಟ್ಟಿದ ಉಗಾರ ಶುಗರ್ ವರ್ಕ್ಸ್ ಇರಲಿ, ಕೃಷ್ಣಾ, ದೂಧಗಂಗಾ ದಂಡೆಯ ಸಹಕಾರಿ ಕಾರ್ಖಾನೆಗಳಿರಲಿ, ಟ್ರ್ಯಾಕ್ಟರಿನಿಂದ ಇಳಿದ ಕಬ್ಬು ನೇರವಾಗಿ ಗಾಣಕ್ಕೆ ಹೋಗುವುದಿಲ್ಲ. ಮೊದಲು ಸಾಲುಗತ್ತಿಗಳು ಗಿರಗಿರನೆ ತಿರುಗಿ ಅದನ್ನು ಕೊಚ್ಚುತ್ತವೆ, ಆಮೇಲೆ ಸುತ್ತಿಗೆಗಳ ಯಂತ್ರ ಬಡಿದು ನಾರುನಾರು ಮಾಡುತ್ತದೆ. ಸಕ್ಕರೆ ಇರುವುದು ಕಬ್ಬಿನ ಕೋಶಗಳ ಒಳಗೆ. ಕೋಶ ಒಡೆಯದಿದ್ದರೆ ಗಾಣ ಎಷ್ಟು ಒತ್ತಿದರೂ ಹಾಲು ಪೂರ್ತಿ ಬಿಡುವುದಿಲ್ಲ. ಅದಕ್ಕಾಗಿ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಒಂದು ಅಳತೆಯೇ ಇದೆ: ಪ್ರಿಪರೇಷನ್ ಇಂಡೆಕ್ಸ್. ಕಬ್ಬಿನೊಳಗಿನ ಸಕ್ಕರೆಯಲ್ಲಿ ನೂರಕ್ಕೆ ಎಷ್ಟು ಪಾಲು ಒಡೆದ ಕೋಶಗಳಲ್ಲಿದೆ ಎಂಬುದರ ಲೆಕ್ಕ. ಅದು 85ರ ಮೇಲಿರಬೇಕೆಂದು ಎಂಜಿನಿಯರರು ಹಟ ಹಿಡಿಯುತ್ತಾರೆ.

ಅಡುಗೆಮನೆಯಲ್ಲಿ ಈ ಅಂಕಿ ಯಾರೂ ತೆಗೆಯುವುದಿಲ್ಲ. ಆದರೆ ಸೊಪ್ಪು ಹೆಚ್ಚುವ ಪ್ರತಿಯೊಂದು ಸಾಧನದ ಗುಣಾವಗುಣ ನಿರ್ಧಾರವಾಗುವುದು ಇದರಿಂದಲೇ. ಝುಣಕದ ಮೇಲೆ ಉದುರಿಸುವ ಕೋತಂಬರಿಗೆ ಈ ಅಂಕಿ ಆದಷ್ಟು ಕಡಿಮೆ ಇರಬೇಕು. ಹಸಿಮೆಣಸಿನಕಾಯಿ ಖಾರಕ್ಕೆ ಹೆಚ್ಚಿರಬೇಕು.

ಕಡಿಮೆ ಎಂದರೆ ಎಷ್ಟು? ಎಲೆಯ ಕೋಶವೊಂದರ ಗಾತ್ರ ಮಿಲಿಮೀಟರಿನ ನೂರನೇ ಒಂದೆರಡು ಭಾಗದಿಂದ ಐದು ಭಾಗದವರೆಗೆ. ಹರಿತವಾದ ಅಲಗಿನ ಅಂಚು ಅದಕ್ಕಿಂತ ಹತ್ತಾರು ಪಟ್ಟು ತೆಳು. ಅದು ಹಾದುಹೋದರೆ ಆಚೆ ಈಚೆ ಒಂದೆರಡು ಸಾಲು ಕೋಶ ಸಾಯುತ್ತವೆ, ಉಳಿದವಕ್ಕೆ ಸುದ್ದಿಯೇ ಮುಟ್ಟುವುದಿಲ್ಲ. ಎಲೆಯನ್ನು 2 ಮಿ.ಮೀ. ಚೌಕಗಳಾಗಿ ಹೆಚ್ಚಿದಿರಿ, ಪ್ರತಿ ಅಂಚಿನಲ್ಲೂ 0.05 ಮಿ.ಮೀ. ಹಾಳಾಯಿತು ಎನ್ನೋಣ. ಒಟ್ಟು ಎಲೆಯಲ್ಲಿ ನೂರಕ್ಕೆ ಹತ್ತು ಪಾಲು ನಷ್ಟ. ಅದೇ ಅಲಗು ಮೊಂಡಾಗಿ, ಕತ್ತರಿಸುವ ಮೊದಲು ಜಜ್ಜಿ, ಪ್ರತಿ ಅಂಚಿನಲ್ಲಿ ಅರ್ಧ ಮಿಲಿಮೀಟರ್ ಕೆಡಿಸಿದರೆ? ನೂರಕ್ಕೆ ಎಪ್ಪತ್ತೈದು. ತುಂಡಿನ ಗಾತ್ರ ಎರಡು ಸಲವೂ ಅಷ್ಟೇ, ಆದರೆ ಎರಡನೆಯದು ಹೆಚ್ಚಿದ ಸೊಪ್ಪಲ್ಲ, ಅರ್ಧ ಚಟ್ನಿ. ಬಟ್ಟಲಿನ ತಳದ ಹಸಿರು ನೀರು ಬಂದದ್ದು ಇಲ್ಲಿಂದ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು 2025ರಲ್ಲಿ ಉಳ್ಳಾಗಡ್ಡಿ ಹೆಚ್ಚುವುದನ್ನು ಹೈಸ್ಪೀಡ್ ಕ್ಯಾಮೆರಾದಲ್ಲಿ ಹಿಡಿದು ನೋಡಿದಾಗಲೂ ಕಂಡದ್ದು ಇದೇ ಧಾಟಿಯ ಸಂಗತಿ: ಅಲಗು ಮೊಂಡಾದಷ್ಟೂ, ರಭಸ ಹೆಚ್ಚಿದಷ್ಟೂ ರಸದ ಹನಿಗಳು ಜಾಸ್ತಿ ಸಿಡಿಯುತ್ತವೆ. ಚಾಪರ್‌ನಲ್ಲಿ ಕಣ್ಣೀರು ಬರದಿರುವುದಕ್ಕೆ ಅಲಗಿನ ನಾಜೂಕು ಕಾರಣವಲ್ಲ, ಮುಚ್ಚಳ ಕಾರಣ. ತೆಗೆದ ಕೂಡಲೇ ಮುಖ ಒಡ್ಡಿ ನೋಡಿ, ತಿಳಿಯುತ್ತದೆ.

ಇಲ್ಲಿ ಈಳಿಗಿಯ ಬಗ್ಗೆ ನಾಲ್ಕು ಮಾತು ಹೇಳದೆ ಮುಂದೆ ಹೋಗಲಾರೆ. ಮಣೆಯನ್ನು ಕಾಲಿನಿಂದ ಒತ್ತಿ ಕೂತು, ಸೊಪ್ಪಿನ ಸೂಡನ್ನು ಎರಡೂ ಕೈಯಲ್ಲಿ ಹಿಡಿದು ಅಲಗಿನ ಕಡೆಗೆ ನೂಕುತ್ತಾರೆ. ಅಲಗು ನೆಟ್ಟಗಿಲ್ಲ, ಬಾಗಿದೆ. ಹಾಗಾಗಿ ನೇರ ನೂಕಿದರೂ ಸೊಪ್ಪು ಅಲಗಿನ ಉದ್ದಕ್ಕೆ ಜಾರುತ್ತಾ ಹೋಗುತ್ತದೆ. ಈ ಜಾರುವಿಕೆಯಲ್ಲೇ ವಿದ್ಯೆ ಇರುವುದು. ಮೆತ್ತನೆಯ ವಸ್ತುವಿನ ಮೇಲೆ ಅಲಗನ್ನು ಬರಿದೆ ಒತ್ತಿದರೆ ಅದು ತಗ್ಗಿ ಜಜ್ಜಿಹೋಗುತ್ತದೆ. ಒತ್ತುವ ಜೊತೆಗೆ ಉದ್ದಕ್ಕೆ ಎಳೆದರೆ ಬಹಳ ಕಡಿಮೆ ಒತ್ತಡಕ್ಕೇ ಸೀಳು ಶುರುವಾಗುತ್ತದೆ. 2012ರಲ್ಲಿ ಹಾರ್ವರ್ಡ್‌ನ ಎಲ್. ಮಹಾದೇವನ್ ಮತ್ತು ಸಂಗಡಿಗರು ಮೆತ್ತನೆಯ ಜೆಲ್ ಕತ್ತರಿಸಿ ಇದರ ಭೌತಶಾಸ್ತ್ರವನ್ನು ಬಿಡಿಸಿ ಬರೆದರು. ಈಳಿಗಿಯಲ್ಲಿ ಹಿಡಿದ ಕೈಯೇ ತಡೆ, ಬಾಗಿದ ಅಲಗೇ ಎಳೆತ, ವೇಗ ಬೇಕಾಗಿಯೇ ಇಲ್ಲ. ನಿಂತು ಅಡುಗೆ ಮಾಡುವ ಕಟ್ಟೆ ಬಂದ ಮೇಲೆ ಅದು ಮೂಲೆ ಸೇರಿತು. ಮೊಣಕಾಲು ನೋವಿನವರಿಗೆ ಅದನ್ನೇ ಬಳಸಿ ಎಂದು ಹೇಳುವ ಧೈರ್ಯ ನನಗಿಲ್ಲ. ಆದರೆ ಎಲೆ ಹೆಚ್ಚುವ ಸಾಧನವಾಗಿ ಅದನ್ನು ಮೀರಿಸಿದ್ದನ್ನು ಇನ್ನೂ ಕಂಡಿಲ್ಲ. ಆನ್‌ಲೈನಿನಲ್ಲಿ ಸಿಗುವ ಐದು ಅಲಗಿನ ಕತ್ತರಿ ಸ್ವಲ್ಪ ಹತ್ತಿರ ಬರುತ್ತದೆ, ಎದುರುಬದುರು ಅಲಗುಗಳು ಎಲೆಗೆ ತಡೆ ಕೊಡುವುದರಿಂದ. ಅದನ್ನು ತೊಳೆಯುವವರ ತಾಳ್ಮೆಯ ಮಾತು ಬೇರೆ.

ಕೋಶ ಒಡೆದರೆ ಒಡೆಯಲಿ, ಹೊಟ್ಟೆಗೆ ಹೋದ ಮೇಲೆ ಎಲ್ಲ ಒಂದೇ ಅಲ್ಲವೇ? ಹೊಟ್ಟೆಗೆ ಇರಬಹುದು, ಮೂಗಿಗೆ ಅಲ್ಲ. ಕೋತಂಬರಿಯ ಪರಿಮಳ ಬಹುಪಾಲು ಆಲ್ಡಿಹೈಡ್ ಎಂಬ ಜಾತಿಯ ಸಂಯುಕ್ತಗಳಿಂದ ಬರುತ್ತದೆ. ಅದೇ ಜಾತಿಯವು ಕೆಲವು ನಾತದ ಹುಳಗಳಲ್ಲಿಯೂ ಇವೆ. ಕೆಲವರಿಗೆ ಕೋತಂಬರಿ ಸಾಬೂನಿನಂತೆ ನಾರುವುದಕ್ಕೆ ಮೂಗಿನ ಗ್ರಾಹಕವೊಂದರ ಜೀನಿನ ನಂಟಿದೆ ಎಂದು 2012ರ ಅಧ್ಯಯನವೊಂದು ತೋರಿಸಿತು. ಎಲೆ ಜಜ್ಜಿದಾಗ ಎಲೆಯೊಳಗಿನ ಕಿಣ್ವಗಳು ಈ ಆಲ್ಡಿಹೈಡ್‌ಗಳನ್ನು ಹಿಡಿದು ಮಂದ ವಾಸನೆಯ ಬೇರೆ ಪದಾರ್ಥಗಳಾಗಿ ಮಾರ್ಪಡಿಸತೊಡಗುತ್ತವೆ. ಆದ್ದರಿಂದ ಚಟ್ನಿಯ ಕೋತಂಬರಿ ಮೆತ್ತಗೆ, ಮೇಲೆ ಉದುರಿಸಿದ ಕೋತಂಬರಿ ಚುರುಕು. ಎಲೆಯ ಸಾಬೂನು ನಾತ ಸಹಿಸದವರು ಚಟ್ನಿಯನ್ನು ತಿಂದಾರು.

ಪುದೀನಾದ ಎಣ್ಣೆ ಎಲೆಯ ಮೇಲ್ಮೈಯ ಪುಟ್ಟ ಗ್ರಂಥಿಗಳಲ್ಲಿದೆ, ಬೆರಳಾಡಿಸಿದರೂ ಒಡೆಯುತ್ತದೆ. ಅದನ್ನು ಅರೆಯುವ ಅಗತ್ಯವೇ ಇಲ್ಲ. ಅರೆದರೆ ಒಳಗಿನ ಫಿನಾಲುಗಳಿಗೆ ಗಾಳಿ ತಾಗಿ, ಕಿಣ್ವ ಸೇರಿ ಕಪ್ಪಾಗುತ್ತದೆ. ನಿಂಬೆಹುಳಿ ಹಿಂಡಿದರೆ ಆ ಕಿಣ್ವದ ಕೈ ಕಟ್ಟಿದಂತೆ, ಆದರೆ ಹೊತ್ತು ಕಳೆದಂತೆ ಹುಳಿಯೇ ಹಸಿರನ್ನು ಮಂಕಾಗಿಸುತ್ತದೆ. ಕರಿಬೇವಿನ ಎಲೆಯನ್ನು ಬೆಳಕಿಗೆ ಹಿಡಿದರೆ ಚುಕ್ಕಿ ಚುಕ್ಕಿ ಕಾಣುತ್ತವೆ, ನಿಂಬೆ ಎಲೆಯಲ್ಲಿ ಕಂಡ ಹಾಗೆಯೇ. ಎರಡೂ ಒಂದೇ ಕುಟುಂಬದವು, ಆ ಚುಕ್ಕಿಗಳೇ ಎಣ್ಣೆಯ ಚೀಲಗಳು. ಒಗ್ಗರಣೆಯ ಕಾದೆಣ್ಣೆ ಅವನ್ನು ಬಿಚ್ಚುತ್ತದೆ, ಅಲಗು ಬೇಕಿಲ್ಲ.

ಬಳ್ಳೊಳ್ಳಿಯ ಕಥೆ ಪೂರ್ತಿ ತಿರುಗುಮುರುಗು. ಸುಲಿದ ಎಸಳಿಗೆ ಹೇಳಿಕೊಳ್ಳುವ ವಾಸನೆ ಇಲ್ಲ. ಆಲಿಯಿನ್ ಎಂಬ ಪದಾರ್ಥ ಒಂದು ಕಡೆ, ಅದನ್ನು ಬದಲಿಸುವ ಕಿಣ್ವ ಇನ್ನೊಂದು ಕಡೆ ಇರುತ್ತವೆ. ಗೋಡೆ ಒಡೆದು ಎರಡೂ ಕೂಡಿದ ಕೆಲವೇ ಸೆಕೆಂಡಿನಲ್ಲಿ ಆಲಿಸಿನ್ ಹುಟ್ಟುತ್ತದೆ. ಇದನ್ನು 1944ರಲ್ಲಿ ಅಮೆರಿಕದ ಕ್ಯಾವಲಿಟೊ ಮತ್ತು ಬೈಲಿ ಬೇರ್ಪಡಿಸಿದರು. ಗಡಿಭಾಗದ ಮನೆಗಳಲ್ಲಿ ಠೇಚಾಕ್ಕೆ ಹುರಿದ ಹಸಿಮೆಣಸಿನಕಾಯಿ, ಬಳ್ಳೊಳ್ಳಿ, ಶೇಂಗಾ, ಉಪ್ಪು ಹಾಕಿ ಖಲಬತ್ತಾದಲ್ಲಿ ಕುಟ್ಟುವುದಕ್ಕೆ ಇದಕ್ಕಿಂತ ಒಳ್ಳೆಯ ಸಮರ್ಥನೆ ಬೇಕೆ? ಕಲ್ಲು ಕತ್ತರಿಸುವುದಿಲ್ಲ, ಒಡೆಯುತ್ತದೆ. ಉಪ್ಪಿನ ಹರಳು ಅದಕ್ಕೆ ನೆರವಾಗುತ್ತದೆ. ಹುರಿಯುವಾಗ ಬಳ್ಳೊಳ್ಳಿಯನ್ನು ಅತಿಯಾಗಿ ಬಿಸಿ ಮಾಡಿದರೆ ಮಾತ್ರ ಕಿಣ್ವ ಸತ್ತು, ಕುಟ್ಟಿದರೂ ಘಾಟು ಏಳುವುದಿಲ್ಲ. ಸ್ವಲ್ಪ ಹಸಿ ಎಸಳನ್ನು ಕೊನೆಗೆ ಹಾಕಿ ಕುಟ್ಟುವವರು ಇದನ್ನು ನಾಲಿಗೆಯಿಂದಲೇ ಕಲಿತಿದ್ದಾರೆ.

ಹಾಗಾದರೆ ತಂದಿಟ್ಟ ಚಾಪರ್‌ನಲ್ಲಿ ಸೊಪ್ಪು ಹೆಚ್ಚಲೇಬೇಕೆಂದರೆ ಏನು ಮಾಡಬೇಕು? ಮೊದಲನೆಯದಾಗಿ ನೀರು ಆರಿಸಿ. ಮಿಕ್ಕೆಲ್ಲವೂ ಇದಕ್ಕಿಂತ ಚಿಕ್ಕ ಮಾತು. ತೊಳೆದ ಸೂಡನ್ನು ಕೊಡವಿ, ಧೋತರದ ತುಂಡಿನ ಮೇಲೆ ಹರವಿ, ಕೈಗೆ ತೇವ ಹತ್ತದಷ್ಟು ಒಣಗಲಿ. ಬಾಡುವಷ್ಟು ಬೇಡ, ಬಾಡಿದ ಎಲೆ ಇನ್ನೂ ಹೆಚ್ಚು ಬಾಗುತ್ತದೆ. ಪೂರ್ತಿ ಒಣಗಿದರೆ ನಿಪ್ಪಾಣಿಯ ಬೀಡಿ ತಂಬಾಕಿನಂತೆ ಮುರಿದು ಪುಡಿಯಾದೀತು, ಅದು ಬೇರೆ ಉದ್ಯೋಗ. ದಂಟನ್ನು ಬೆರಳುದ್ದಕ್ಕೆ ಮೊದಲೇ ಮುರಿದು ಹಾಕಿದರೆ ಅಲಗಿಗೆ ಸುತ್ತುವುದಿಲ್ಲ. ಬಟ್ಟಲು ಅರ್ಧಕ್ಕಿಂತ ಹೆಚ್ಚೇ ತುಂಬಲಿ, ಎಲೆ ಎಲೆಗೇ ತಡೆಯಾಗುತ್ತದೆ. ಉಳ್ಳಾಗಡ್ಡಿಯೋ ಶೇಂಗಾವೋ ಹೇಗೂ ಬೇಕಿದ್ದರೆ ಜೊತೆಗೇ ಹಾಕಿ: ಗಟ್ಟಿ ಹೋಳುಗಳು ಗೋಡೆಯ ಎಲೆಯನ್ನು ಮತ್ತೆ ನಡುವಿಗೆ ತಳ್ಳುತ್ತವೆ. ಮೆಂತೆಪಲ್ಯೆ, ಉಳ್ಳಾಗಡ್ಡಿ, ಸವತೆಕಾಯಿ ಸೇರಿಸಿ ಮಾಡುವ ಪಚಡಿಗೆ ಇದು ಚೆನ್ನಾಗಿಯೇ ಒದಗುತ್ತದೆ. ಮೊಸರು, ಉಪ್ಪು ಮಾತ್ರ ತಾಟಿಗೆ ಬಡಿಸುವ ಹೊತ್ತಿಗೆ ಹಾಕಬೇಕು, ಒಡೆದ ಅಂಚಿನಿಂದ ಉಪ್ಪು ನೀರೆಳೆಯುತ್ತದೆ. ಉದ್ದಕ್ಕೆ ಜೋರಾಗಿ ಹತ್ತು ಸಲ ಜಗ್ಗುವ ಬದಲು ಗಿಡ್ಡಗೆ, ಚುರುಕಾಗಿ ನಾಲ್ಕು ಸಲ ಜಗ್ಗಿ, ಮುಚ್ಚಳ ತೆಗೆದು, ಚಮಚದಿಂದ ಗೋಡೆಯದನ್ನು ಇಳಿಸಿ ಮತ್ತೆರಡು ಸಲ. ಕೋತಂಬರಿ ವಡಿಗೆ ಇಷ್ಟೂ ನಾಜೂಕು ಬೇಡ, ಹೇಗಿದ್ದರೂ ಕಡಲೆಹಿಟ್ಟು ರಸವನ್ನೆಲ್ಲ ಹೀರಿಕೊಳ್ಳುತ್ತದೆ.

ಮುಚ್ಚಳವನ್ನು ಬಕೆಟ್ಟಿನಲ್ಲಿ ಮುಳುಗಿಸಬೇಡಿ. ಒಳಗೆ ನೀರು ಹೊಕ್ಕರೆ ಸ್ಪ್ರಿಂಗ್ ತುಕ್ಕು ಹಿಡಿದು, ಜಗ್ಗಿದ ದಾರ ನಾಲಿಗೆ ಚಾಚಿದ ಹಾಗೆ ಹೊರಗೇ ಉಳಿಯುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಅಲಗು ಮೊಂಡಾದರೆ ಈಳಿಗಿಯನ್ನು ಸಾಣೆಯವನಿಗೆ ಕೊಟ್ಟಹಾಗೆ ಇದನ್ನು ಕೊಡಲಾಗುವುದಿಲ್ಲ: ಪ್ಲಾಸ್ಟಿಕ್ ಕಂಬಕ್ಕೆ ಬಿಗಿದ ತೆಳು ತಗಡು ಸಾಣೆಕಲ್ಲಿಗೆ ನಿಲ್ಲದು. ಕೆಲವು ಕಂಪನಿಗಳು ಅಲಗನ್ನು ಬಿಡಿಯಾಗಿ ಮಾರುತ್ತವೆ. ಕೊಳ್ಳುವಾಗಲೇ ಅದನ್ನು ಕೇಳಿಕೊಳ್ಳುವುದು ಒಳ್ಳೆಯದು.