ಸಾವನದುರ್ಗ: ಬಂಡೆಯ ಬುಡದ ಹೂಗಾಲ

ಬೆಂಗಳೂರಿನಿಂದ ಸುಮಾರು 60 ಕಿ.ಮೀ. ದೂರದಲ್ಲಿ, ಮಾಗಡಿ ಸಮೀಪ ಇರುವ ಸಾವನದುರ್ಗಕ್ಕೆ ಬರುವವರ ಕಣ್ಣೆಲ್ಲ ಬಂಡೆಯ ಮೇಲೆ. ಕರಿಗುಡ್ಡ, ಬಿಳಿಗುಡ್ಡ ಎರಡೂ ಸೇರಿದ ಈ ಬೆಟ್ಟ ಸಮುದ್ರಮಟ್ಟದಿಂದ 1,226 ಮೀಟರ್ ಎತ್ತರ. ಜನ ಸಾವಂದಿ ವೀರಭದ್ರಸ್ವಾಮಿಗೆ ಕೈಮುಗಿಯುತ್ತಾರೆ, 1791ರಲ್ಲಿ ಕಾರ್ನ್‌ವಾಲಿಸ್‌ನ ಸೇನೆ ಟಿಪ್ಪುವಿನ ಈ ಕೋಟೆ ಹಿಡಿದ ಕಥೆ ಕೇಳುತ್ತಾರೆ, ಬಂಡೆ ಹತ್ತಿಳಿದು ಮರಳುತ್ತಾರೆ. ಬುಡದಲ್ಲಿ ಹಬ್ಬಿರುವ ಕುರುಚಲು ಕಾಡನ್ನು ನಿಂತು ನೋಡುವವರು ಕಡಿಮೆ. ನನಗಂತೂ ಈ ದುರ್ಗದ ನಿಜವಾದ ಸಿರಿ ಅದೇ.

ಈ ಕಾಡಿನ ಹೂ ನೋಡಲು ಬೇಸಿಗೆಯಲ್ಲಿ ಬರಬೇಕು. ಶಿವರಾತ್ರಿಯ ಹೊತ್ತಿಗೆ ಎಲೆ ಉದುರಿ ಗುಡ್ಡವೆಲ್ಲ ಒಣಗಿದಂತಿರುತ್ತದೆ. ಮುತ್ತುಗ ಮೈತುಂಬ ಹೂ ಬಿಡುವುದು ಆಗಲೇ. ಎಲೆಯ ಮರೆಯಿಲ್ಲದ ಆ ಕೆಂಗೇಸರಿ ದೂರದ ಹಕ್ಕಿಗೂ ಕಾಣುತ್ತದೆ; ಮೈನಾ, ಸೂರಕ್ಕಿಗಳು ಮಕರಂದಕ್ಕೆ ಮುಗಿಬೀಳುತ್ತವೆ. ಕಲ್ಲುನೆಲದ ಅರಿಸಿನ ಬೂರುಗವೂ ಬೋಳು ಕೊಂಬೆಯಲ್ಲೇ ಅಂಗೈಯಗಲದ ಹಳದಿ ಹೂ ಅರಳಿಸುತ್ತದೆ. ಈಗ ಹೂ ಬಿಟ್ಟರೆ ಬಿಸಿಲಲ್ಲಿ ಕಾಯಿ ಬಲಿತು, ಬೀಜ ಗಾಳಿಗೆ ಹಾರಿ, ಮುಂಗಾರಿಗೆ ಮೊಳೆಯಲು ಸಿದ್ಧವಾಗುತ್ತದೆ.

ಯುಗಾದಿಗೆ ಹೊಂಗೆ, ಆಮೇಲೆ ಕಕ್ಕೆ. ಕಕ್ಕೆ ಕಾಯಿ ಮಾಗಲು ಹೆಚ್ಚುಕಡಿಮೆ ವರ್ಷವೇ ಬೇಕು. ಹಾಗಾಗಿ ಹೊಸ ಗೊಂಚಲ ಪಕ್ಕದಲ್ಲೇ ಹೋದ ವರ್ಷದ ಉದ್ದನೆಯ ಕಪ್ಪು ಕಾಯಿ ನೇತಾಡುತ್ತಿರುತ್ತದೆ. ಹೂವಿಲ್ಲದ ತಿಂಗಳಲ್ಲಿ ಮರದ ಗುರುತು ಹಿಡಿಯಲು ಅದೊಂದು ಸಾಕು.

ಮಳೆ ಬಿದ್ದ ಮೇಲೆ ನೆಲ ನೋಡುತ್ತಾ ನಡೆಯಬೇಕು. ತುಂಬೆ ಕಾಣಸಿಗುತ್ತದೆ, ವಿಷ್ಣುಕ್ರಾಂತಿಯ ಪುಟ್ಟ ನೀಲಿ ಹೂ ನೋಡಲು ಬೆಳಿಗ್ಗೆಯೇ ಬರಬೇಕು. ಗೌರಿ ಹೂವಿನ ಬಳ್ಳಿ ಎಲೆಯ ತುದಿಯನ್ನೇ ಸುರುಳಿ ಮಾಡಿ ಪೊದೆ ಹತ್ತುತ್ತದೆ. ಅದರ ಎಸಳು ಹಸಿರು ಹಳದಿಯಿಂದ ಕೆಂಪಿಗೆ ತಿರುಗುವ ಚೆಂದಕ್ಕೆ ಮಕ್ಕಳು ಕೈಹಾಕಿಯಾರು, ಜೋಕೆ: ಗಿಡವೆಲ್ಲ ವಿಷ, ಗೆಡ್ಡೆಯಂತೂ ಕಡುವಿಷ.

ಮಾಕಳಿ ಬೇರಿನ ಉಪ್ಪಿನಕಾಯಿ ಚಪ್ಪರಿಸುವ ಎಷ್ಟೋ ಮಂದಿ ಅದರ ಹೂ ಕಂಡಿಲ್ಲ. ಕಲ್ಲುಸಂದಿಯಲ್ಲಿ ಹಬ್ಬುವ ಆ ಬಳ್ಳಿಗೆ ಬಿಡುವುದು ಮಸುಕು ಬಣ್ಣದ ಸಣ್ಣ ಹೂ. ಬೇರಿಗಾಗಿ ಬುಡಸಮೇತ ಅಗೆಯುವುದರಿಂದ ಬಳ್ಳಿಯೇ ಅಪರೂಪವಾಗುತ್ತಿದೆ. ಇದು ನೋವಿನ ಸಂಗತಿ. ಅಮೆರಿಕ ಖಂಡದಿಂದ ಬಂದ ಲಂಟಾನ ಇಂಥ ಕಾಡುಗಳಲ್ಲಿ ದಟ್ಟವಾಗಿ ಬೆಳೆದು ನಾಡಗಿಡಗಳ ಜಾಗ ನುಂಗುತ್ತದೆ; ಬೇಸಿಗೆಯಲ್ಲಿ ಬೆಂಕಿ ಬಿದ್ದರೆ ಎಳೆ ಸಸಿಗಳಿಗೆ ಉಳಿಗಾಲವಿಲ್ಲ.

ಫೆಬ್ರುವರಿಯಲ್ಲೊಮ್ಮೆ ಬನ್ನಿ, ಶ್ರಾವಣದಲ್ಲಿ ಅದೇ ದಾರಿಯಲ್ಲಿ ಮತ್ತೊಮ್ಮೆ ನಡೆಯಿರಿ. ಹೂ ಕೀಳಬೇಡಿ, ಬೆಂಕಿಪೊಟ್ಟಣ ತರಬೇಡಿ.