ಕನ್ಸೋಲಿಲ್ಲದೆ ಕನ್ಸೋಲಿನ ಆಟ

ಕಮಲಾಪುರದಿಂದ ನಿತ್ಯ ಬಸ್ಸಿನಲ್ಲಿ ಕಲಬುರಗಿಗೆ ಬರುವ ಸಹಪಾಠಿಯೊಬ್ಬರು ಕೇಳಿದರು: “ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್‌ಗಳಿಗೆ ಆಟ ಕಟ್ಟಬೇಕೆಂಬ ಆಸೆ ನನಗಿದೆ. ಕನ್ಸೋಲನ್ನೇ ಕೊಳ್ಳಲಾರದವನಿಗೆ ಅದು ಸಾಧ್ಯವೆ?” ಸಾಧ್ಯ. ಆಟವನ್ನು ಕಟ್ಟುವುದು ಒಂದು ಕೆಲಸ, ಅದನ್ನು ಕನ್ಸೋಲಿಗೆ ಒಯ್ಯುವುದು ಇನ್ನೊಂದು. ಮೊದಲನೆಯದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಎರಡನೆಯದಕ್ಕೆ ಬೇಕು. ಅರ್ಜಿ ಸಲ್ಲಿಸಿ, ಗುಟ್ಟು ಕಾಯುವ ಕರಾರಿಗೆ ಸಹಿ ಹಾಕಿದವರಿಗೆ ಮಾತ್ರ ಕಂಪನಿಗಳು ತಮ್ಮ ವಿಶೇಷ ಯಂತ್ರವನ್ನೂ ತಂತ್ರಾಂಶವನ್ನೂ ಒದಗಿಸುತ್ತವೆ. ಮುಗಿದ ಆಟಕ್ಕೆ ಪರೀಕ್ಷೆಯೂ ಉಂಟು. ನಡುವೆ ಕಂಟ್ರೋಲರಿನ ಸಂಪರ್ಕ ತಪ್ಪಿದಾಗ ಆಟ ಹೇಗೆ ವರ್ತಿಸುವುದೆಂದೂ ನೋಡುತ್ತಾರೆ. ಅರ್ಜಿಯ ಜೊತೆ ತೋರಿಸಲು ಆಡಬಲ್ಲ ಆಟವೊಂದಿದ್ದರೆ ಮಾತಿಗೆ ತೂಕ ಬರುತ್ತದೆ. ಆದ್ದರಿಂದ ಹೊಸಬರು ಸಾಧಾರಣ ಕಂಪ್ಯೂಟರಿನಲ್ಲೇ ತೊಡಗಲಿ. ಗೊಡೋ ಎಂಬ ತಂತ್ರಾಂಶ ಉಚಿತ. 2014ರಿಂದ ಅದರ ಮೂಲಸಂಕೇತವೂ ಎಲ್ಲರಿಗೂ ತೆರೆದಿದೆ. ಆದರೆ ಆ ಕರಾರಿನ ಕಾರಣ ಕನ್ಸೋಲಿಗೆ ಬೇಕಾದ ಭಾಗ ಅದರಲ್ಲಿಲ್ಲ. ಅದನ್ನು ಮುಂದೆ ಬೇರೆಯವರಿಂದ ಪಡೆಯಬೇಕಾಗುತ್ತದೆ.

ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ಎಂಬ ಚಿಕ್ಕ ತಂಡ ‘ರಾಜಿ’ ಎಂಬ ಆಟಕ್ಕಾಗಿ 2017ರಲ್ಲಿ ಜನರಿಂದ ಹಣ ಕೂಡಿಸಲು ಯತ್ನಿಸಿತು. ಗುರಿ ಮುಟ್ಟಲಿಲ್ಲ. ಆದರೂ 2020ರಲ್ಲಿ ಆ ಆಟ ಮೊದಲು ನಿಂಟೆಂಡೊ ಸ್ವಿಚ್‌ನಲ್ಲಿಯೇ ಹೊರಬಂದಿತು.

ನಾವು ಅಷ್ಟು ದೊಡ್ಡದಕ್ಕೆ ಕೈಹಾಕುವುದು ಬೇಡ. ನಮ್ಮ ಜಗಲಿಯ ಚೌಕಾಬಾರವನ್ನೇ ತೆಗೆದುಕೊಳ್ಳೋಣ. 25 ಮನೆ, ನಾಲ್ಕು ಕವಡೆ, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಸುಲಭವೆನಿಸುತ್ತದೆ, ಅಲ್ಲವೆ? ಹೊಸಬರು 1, 2, 3, 4, 8 ಈ ಐದರಲ್ಲಿ ಒಂದನ್ನು ಸಮನಾಗಿ ಆರಿಸುವಂತೆ ಯಂತ್ರಕ್ಕೆ ಹೇಳಿಬಿಡುತ್ತಾರೆ. ಆಗ ಸರಾಸರಿ ಐದು ಸಲಕ್ಕೊಮ್ಮೆ ಎಂಟು ಬಿದ್ದು ಆಟದ ರುಚಿಯೇ ಕೆಡುತ್ತದೆ. ಒಂದೊಂದು ಕವಡೆಯನ್ನೂ ಬೇರೆಯಾಗಿಯೇ ಉರುಳಿಸಬೇಕು. ಕವಡೆ ಅಂಗಾತ ಬೀಳುವುದೂ ಬೋರಲು ಬೀಳುವುದೂ ಸಮವೆಂದಿಟ್ಟುಕೊಂಡರೆ, ನಾಲ್ಕೂ ಬೋರಲಾಗಿ ಎಂಟು ಬೀಳುವ ಸಾಧ್ಯತೆ 16ರಲ್ಲಿ ಒಂದು. ಎರಡು ಬೀಳುವ ಸಾಧ್ಯತೆ 16ರಲ್ಲಿ ಆರು. ನಿಜವಾದ ಕವಡೆ ಇಷ್ಟು ನ್ಯಾಯವಂತವಲ್ಲವೆಂಬುದನ್ನು ಮನೆಯ ಹಿರಿಯರು ಬಲ್ಲರು!

ಮೊದಲ ದಿನದಿಂದಲೇ ಮೌಸನ್ನು ಬದಿಗಿಟ್ಟು ಕಂಟ್ರೋಲರಿನಲ್ಲಿ ಆಡಿನೋಡಬೇಕು. ಯಾವ ಕಾಯಿಯ ಮೇಲೆ ಆಟಗಾರನ ಗಮನವಿದೆಯೆಂಬುದು ಪರದೆಯಲ್ಲಿ ಸ್ಪಷ್ಟವಾಗಿ ಕಾಣಬೇಕು. ಟಿ.ವಿ.ಯನ್ನು ಕೋಣೆಯ ಆಚೆ ಬದಿಯಿಂದ ನೋಡುವುದರಿಂದ ಅಕ್ಷರ ದೊಡ್ಡದಿರಲಿ. ಕನ್ನಡ ಬಳಸುವವರು ಒತ್ತಕ್ಷರಗಳನ್ನು ಪರೀಕ್ಷಿಸದೆ ಮುಂದುವರಿಯಬಾರದು. ಕೆಲವು ತಂತ್ರಾಂಶಗಳಲ್ಲಿ ಅವು ಒಡೆದು ಬಿಡಿಬಿಡಿಯಾಗಿ ಕಾಣುತ್ತವೆ. 2023ರಲ್ಲಿ ಬಂದ ಗೊಡೋ ನಾಲ್ಕನೆಯ ಆವೃತ್ತಿಯಲ್ಲಿ ಈ ತೊಡಕು ನೀಗಿದೆ.

ಇಷ್ಟಾದ ಮೇಲೆ ಕಮಲಾಪುರದ ಮಿತ್ರರು ಆಟವನ್ನು ಊರಿಗೊಯ್ದು, ಚೌಕಾಬಾರ ಬಲ್ಲ ಆದರೆ ಕಂಟ್ರೋಲರ್ ಮುಟ್ಟದ ಯಾರಾದರೊಬ್ಬರ ಕೈಗೆ ಅದನ್ನು ಕೊಡಲಿ. ಬಾಯಿಬಿಟ್ಟು ಏನನ್ನೂ ವಿವರಿಸದೆ, ಅವರು ಎಲ್ಲೆಲ್ಲಿ ತಡವರಿಸುತ್ತಾರೆಂದು ಗುರುತುಹಾಕಿಕೊಂಡು ಬರಲಿ.