ಬಳ್ಳಿಗಾವಿಯಲ್ಲಿ ಪರಸ್ಥಳದವರ ಊಟ

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ ವರ್ತಕರ ದೊಡ್ಡ ಪಟ್ಟಣವಾಗಿದ್ದ ಕಾಲದಲ್ಲಿ ಹೊರನಾಡಿನಿಂದ ಬಂದವರಿಗೆ ಅನ್ನ ಎಲ್ಲಿ ಸಿಗುತ್ತಿತ್ತು ಎಂಬುದಕ್ಕೆ 1162ರ ಶಾಸನವೊಂದು ಉತ್ತರ ಕೊಡುತ್ತದೆ. ಕಾಳಾಮುಖರೆಂಬ ಶೈವ ಯತಿಗಳು ನಡೆಸುತ್ತಿದ್ದ, ಕೇದಾರೇಶ್ವರ ಗುಡಿಗೆ ಸೇರಿದ ಕೋಡಿಯಮಠವು ವೇದ, ವ್ಯಾಕರಣಗಳನ್ನು ಕಲಿಸುವುದರ ಜೊತೆಗೆ ದೀನರು, ಕುರುಡರು, ಕಿವುಡರು, ಹಾಡುವವರು, ಕೊಳಲೂದುವವರು, ಕುಣಿಯುವವರು, ಕ್ಷಪಣಕರು ಅಂದರೆ ಜೈನ ಸನ್ಯಾಸಿಗಳು, ನಾನಾ ದೇಶಗಳ ಭಿಕ್ಷುಕರು, ಇವರೆಲ್ಲರಿಗೂ ಅನ್ನವಿಕ್ಕುತ್ತಿತ್ತೆಂದು ಅದು ವಿವರಿಸುತ್ತದೆ. ಶೈವ ಮಠದ ಈ ಪಟ್ಟಿಯಲ್ಲಿ ಜೈನರಿಗೂ ಎಡೆಯಿದ್ದುದು ವಿಶೇಷವಾಗಿ ಗಮನಾರ್ಹ. ಅಂದು ಹೊರನಾಡಿನವರು ಮಠದಲ್ಲಿ ಉಣ್ಣುತ್ತಿದ್ದರೆ, ಇಂದು ಪಕ್ಕದ ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡಿನಲ್ಲಿ, 1960ರ ದಶಕದಲ್ಲಿ ನೆಲೆಸಿದ ಟಿಬೆಟಿಯನ್ನರ ಹೋಟೆಲುಗಳಲ್ಲಿ ಮಧ್ಯಾಹ್ನ ತುಕ್ಪಾ, ಎಂದರೆ ತರಕಾರಿ ಇಲ್ಲವೇ ಮಾಂಸದ ಸಾರಿನಲ್ಲಿ ಬೆಂದ ಉದ್ದನೆಯ ಶಾವಿಗೆ, ಬಟ್ಟಲು ತುಂಬ ಹಬೆಯಾಡುತ್ತ ಬರುತ್ತದೆ. ಇಲ್ಲಿ ಅಡುಗೆ ವಲಸೆ ಬಂದವರದು, ಉಣ್ಣಲು ಬರುವವರಲ್ಲಿ ಸುತ್ತಲ ಊರಿನವರೂ ಇದ್ದಾರೆ.